ನೆಲದ ಎಂಜಿನು, ಬಾನಿನ ದಾರಿ

ವಿಮಾನದ ಚರಿತ್ರೆಯೆಂದರೆ ರೆಕ್ಕೆಯ ಚರಿತ್ರೆಯೆಂದು ನಮ್ಮಲ್ಲಿ ಅನೇಕರ ಭಾವನೆ. ಹಕ್ಕಿಯನ್ನು ಕಂಡು ಆಸೆಪಟ್ಟ ಮನುಷ್ಯನು ಮೊದಲು ರೆಕ್ಕೆಯನ್ನೇ ಕಟ್ಟಿಕೊಂಡದ್ದು ನಿಜ. ಆದರೆ ರೆಕ್ಕೆ ಎಷ್ಟೇ ಚೆನ್ನಾಗಿರಲಿ, ಅದನ್ನು ಗಾಳಿಯಲ್ಲಿ ಮುಂದಕ್ಕೆ ಸಾಗಿಸುವ ಕಸುವು ಬೇಕು. ಆ ಕಸುವು ಎಂಜಿನ್ನಿನದು. ರೆಕ್ಕೆಯನ್ನು ಮರ, ಬಟ್ಟೆ, ಅಂಟುಗಳಿಂದ ಮನೆಯ ಹಿತ್ತಿಲಿನಲ್ಲಿ ಮಾಡಿಕೊಳ್ಳಬಹುದು. ಎಂಜಿನ್ನನ್ನು ಹಾಗೆ ಮಾಡಿಕೊಳ್ಳಲು ಎಲ್ಲರಿಗೂ ಬರುವುದಿಲ್ಲ. ಆದ್ದರಿಂದ ತನ್ನ ಕೈಯಿಂದಲೇ ವಿಮಾನವನ್ನು ಕಟ್ಟಬೇಕೆಂದು ಹೊರಟ ಸಾಮಾನ್ಯ ಮನುಷ್ಯನಿಗೆ ಎದುರಾಗುತ್ತ ಬಂದ ಪ್ರಶ್ನೆ ಒಂದೇ: ಎಂಜಿನ್ನನ್ನು ಎಲ್ಲಿಂದ ತರುವುದು? ವಿಮಾನಕ್ಕೆಂದೇ ಮಾಡಿದ್ದು ದುಬಾರಿ. ಕಾರಿನದು ಅಗ್ಗ, ಕೈಗೆ ಎಟುಕುವಂಥದು. ಅದನ್ನೇ ಕೂಡಿಸಿದರೆ ಆಗದೆ? ಈ ಪ್ರಶ್ನೆಗೆ ಅಮೆರಿಕದ ಹಳ್ಳಿಯೊಂದರಲ್ಲಿ ದೊರೆತ ಒಳ್ಳೆಯ ಉತ್ತರವೊಂದನ್ನೂ, ಆಮೇಲೆ ಕೆಲವರು ಪಟ್ಟ ಪಾಡನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನು ಹುಟ್ಟಿ ಬೆಳೆದದ್ದು ಹಳ್ಳಿಯಲ್ಲಿ. ಬೇಸಗೆಯಲ್ಲಿ ಬಾವಿಯಿಂದ ನೀರೆತ್ತುತ್ತಿದ್ದ ಆಯಿಲ್ ಎಂಜಿನ್ನೇ ಅಲ್ಲಿ ಆಲೆಮನೆಯ ಕಾಲ ಬಂದಾಗ ಕಬ್ಬಿನ ಗಾಣವನ್ನೂ ತಿರುಗಿಸುತ್ತಿತ್ತು. ಬೆಲ್ಟು ಬದಲಾಯಿಸಿದರೆ ಮುಗಿಯಿತು. ಒಂದು ಕೆಲಸಕ್ಕೆಂದು ತಂದ ಯಂತ್ರವನ್ನು ಇನ್ನೊಂದಕ್ಕೆ ಹೊಂದಿಸಿಕೊಳ್ಳುವುದು ಬಡವರ ಜಾಣತನ. ಅದನ್ನು ಕಂಡರೆ ನಮಗೆಲ್ಲ ಮೆಚ್ಚುಗೆ. ಆದರೆ ಗಾಣದ ಎಂಜಿನು ನಿಂತರೆ ಒಂದು ಕೊಪ್ಪರಿಗೆ ಬೆಲ್ಲ ತಡವಾದೀತು, ಅಷ್ಟೆ. ಸಾವಿರ ಅಡಿ ಮೇಲೆ ಎಂಜಿನು ನಿಂತರೆ? ಜಾಣತನಕ್ಕೆ ಅಲ್ಲಿ ನಿಜವಾದ ಪರೀಕ್ಷೆ. ಆ ಪರೀಕ್ಷೆಯ ಚರಿತ್ರೆ ನನಗೆ ಒಂದು ಪಾಠದಂತೆ ಕಂಡಿದೆ.

ಮೊದಲಿನಿಂದಲೇ ಆರಂಭಿಸೋಣ. ೧೯೦೩ರ ಡಿಸೆಂಬರ್ ೧೭ರಂದು ಕಿಟಿ ಹಾಕ್ ಬಳಿಯ ಮರಳಿನ ಮೇಲೆ ರೈಟ್ ಸೋದರರ ವಿಮಾನವು ೧೨ ಸೆಕೆಂಡು ಹಾರಿ ೧೨೦ ಅಡಿ ಸಾಗಿತೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಆ ವಿಮಾನದ ಎಂಜಿನ್ನಿನ ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಸೋದರರು ಲೆಕ್ಕ ಹಾಕಿ, ತಮಗೆ ೮ ಅಶ್ವಶಕ್ತಿಯ ಹಗುರವಾದ ಎಂಜಿನು ಸಾಕೆಂದು ಕಾರಿನ ಎಂಜಿನು ಮಾಡುವವರಿಗೆ ಪತ್ರ ಬರೆದರು. ಅಷ್ಟು ಹಗುರವಾದುದನ್ನು ಮಾಡಿಕೊಡುವವರು ಯಾರೂ ಸಿಗಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ಕು ಆರು ವಾರಗಳಲ್ಲಿ ಒಂದನ್ನು ಮಾಡಿಕೊಟ್ಟ. ನಾಲ್ಕು ಸಿಲಿಂಡರು, ಸುಮಾರು ೧೮೦ ಪೌಂಡು ತೂಕ, ಸುಮಾರು ೧೨ ಅಶ್ವಶಕ್ತಿ. ಅದರ ಬಲವನ್ನು ಎರಡು ಪ್ರೊಪೆಲರುಗಳಿಗೆ ಮುಟ್ಟಿಸಿದ್ದು ಸೈಕಲ್ಲಿನ ಮಾದರಿಯ ಸರಪಳಿಯಿಂದ.

ಇದರಲ್ಲಿ ನಾನು ಹೆಚ್ಚು ಮೆಚ್ಚುವುದು ಇನ್ನೊಂದು ಸಣ್ಣ ಸಂಗತಿಯನ್ನು. ವಿಮಾನದ ನಡುವಿನಿಂದ ಬಲಕ್ಕೆ ಎಂಜಿನು, ಎಡಕ್ಕೆ ಬೋರಲಾಗಿ ಮಲಗಿ ನಡೆಸುವ ಮನುಷ್ಯ. ಎಂಜಿನ್ನಿನ ತೂಕ ಮನುಷ್ಯನ ತೂಕಕ್ಕಿಂತ ಹೆಚ್ಚು. ಅದಕ್ಕಾಗಿ ಸೋದರರು ಬಲರೆಕ್ಕೆಯನ್ನು ಎಡರೆಕ್ಕೆಗಿಂತ ನಾಲ್ಕು ಅಂಗುಲ ಉದ್ದವಾಗಿ ಕಟ್ಟಿದರು. ಎಂಜಿನು ಹೇಗಿದೆಯೋ ಅದಕ್ಕೆ ತಕ್ಕಂತೆ ರೆಕ್ಕೆಯನ್ನೇ ತಿದ್ದಿದರು. ಅದೇ ವರ್ಷ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಬಳಿ ಸರ್ಕಾರದ ೫೦,೦೦೦ ಡಾಲರ್ ನೆರವಿತ್ತು, ೫೨ ಅಶ್ವಶಕ್ತಿಯ ಅತ್ಯುತ್ತಮ ಎಂಜಿನು ಇತ್ತು. ಅವನ ವಿಮಾನವು ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಪೊಟೋಮ್ಯಾಕ್ ನದಿಗೆ ಬಿದ್ದಿತು. ತಪ್ಪು ಎಂಜಿನ್ನಿನದಲ್ಲ. ಅದನ್ನು ಹೊತ್ತ ಮೈ ಅದಕ್ಕೆ ತಕ್ಕುದಾಗಿರಲಿಲ್ಲ. ನಾಲ್ಕು ಪಾಲಿಗಿಂತ ಹೆಚ್ಚಿನ ಬಲ ಸೋತಿತು, ನಾಲ್ಕು ಅಂಗುಲದ ವಿವೇಕ ಗೆದ್ದಿತು.

ಇಪ್ಪತ್ತೈದು ವರ್ಷ ಕಳೆಯಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯವು ಬೇಡವೆಂದು ಮಾರಿದ ವಿಮಾನಗಳೂ ಎಂಜಿನ್ನುಗಳೂ ಕೆಲವು ಕಾಲ ಅಗ್ಗವಾಗಿ ಸಿಕ್ಕಿದವು. ಅವುಗಳಲ್ಲಿ ಹೆಸರಾದದ್ದು ಕರ್ಟಿಸ್ ಕಾರ್ಖಾನೆಯ ಓಎಕ್ಸ್-೫. ೯೦ ಅಶ್ವಶಕ್ತಿ, ೪೦೦ ಪೌಂಡಿನ ಆಸುಪಾಸಿನ ತೂಕ. ಸಣ್ಣ ವಿಮಾನಕ್ಕೆ ಅದು ಹೊರಲಾರದ ಹೊರೆ. ಹೊಸ ಎಂಜಿನ್ನನ್ನು ಕೊಳ್ಳುವುದು ರೈತನ ಮಗನ ಕೈಯಲ್ಲಿ ಆಗುವ ಮಾತಲ್ಲ. ಇತ್ತ ರಸ್ತೆಯ ಮೇಲೆ ನೋಡಿದರೆ ಹೆನ್ರಿ ಫೋರ್ಡನ ಕಾರುಗಳ ಪ್ರವಾಹ. ೧೯೦೮ರಿಂದ ೧೯೨೭ರವರೆಗೆ ಮಾಡೆಲ್ ಟಿ ಕಾರುಗಳೇ ಒಂದೂವರೆ ಕೋಟಿ ಹೊರಬಂದವು. ಆಮೇಲೆ ಬಂದದ್ದು ಮಾಡೆಲ್ ಎ. ಅದರ ಎಂಜಿನ್ನಿಗೆ ೪೦ ಅಶ್ವಶಕ್ತಿ. ಆ ಎಂಜಿನ್ನಿನ ತಿರುಪು ತಿರುಪನ್ನೂ ಬಲ್ಲ ಮೆಕ್ಯಾನಿಕ್ಕು ಪ್ರತಿ ಹಳ್ಳಿಯಲ್ಲಿಯೂ ಇದ್ದ.

ಮಿನೆಸೋಟ ಸಂಸ್ಥಾನದ ಚೆರಿ ಗ್ರೋವ್ ಎಂಬ ಸಣ್ಣ ಹಳ್ಳಿಯಲ್ಲಿ ಅಂಥವನೊಬ್ಬನಿದ್ದ. ಹೆಸರು ಬರ್ನಾರ್ಡ್ ಪೀಟನ್‌ಪೋಲ್, ಹುಟ್ಟಿದ್ದು ೧೯೦೧ರಲ್ಲಿ. ವಿಮಾನಶಾಸ್ತ್ರವನ್ನು ಯಾವ ಗುರುವಿನ ಬಳಿಯೂ ಓದಿದವನಲ್ಲ. ನೋಡಿ, ಮಾಡಿ, ಮುರಿದು, ಮತ್ತೆ ಮಾಡಿ ಕಲಿತವನು. ಮೊದಲು ಮಾಡೆಲ್ ಟಿ ಎಂಜಿನ್ನಿನಿಂದ ಹಾರಲು ಪ್ರಯತ್ನಪಟ್ಟ. ಬೇರೆ ಎಂಜಿನ್ನುಗಳನ್ನೂ ಕೂಡಿಸಿ ನೋಡಿದ. ೧೯೨೯ರಲ್ಲಿ ಮಾಡೆಲ್ ಎ ಎಂಜಿನ್ನಿಗೆಂದೇ ಇಬ್ಬರು ಕೂರುವ ಒಂದು ವಿಮಾನವನ್ನು ಕಟ್ಟಿ ಹಾರಿಸಿದ. ಅದಕ್ಕೆ ಏರ್ ಕ್ಯಾಂಪರ್ ಎಂಬ ಹೆಸರಾಯಿತು.

‘ಎಂಜಿನ್ನಿಗೆಂದೇ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ವಿಮಾನವನ್ನು ಮಾಡಿ ಮುಗಿಸಿ, ಆಮೇಲೆ ಸಿಕ್ಕಿದ ಎಂಜಿನ್ನನ್ನು ಅದರ ಮೂತಿಗೆ ಸಿಕ್ಕಿಸಿದ್ದಲ್ಲ. ನೀರು, ರೇಡಿಯೇಟರು ಎಲ್ಲ ಸೇರಿ ಆ ಎಂಜಿನ್ನಿನ ತೂಕ ಸುಮಾರು ೨೫೦ ಪೌಂಡು. ಇಡೀ ವಿಮಾನದ ಖಾಲಿ ತೂಕವೇ ೬೦೦ ಪೌಂಡಿಗೆ ಸ್ವಲ್ಪ ಹೆಚ್ಚು. ಮೂಗಿನ ತುದಿಯಲ್ಲಿ ಅಷ್ಟು ಭಾರವಿಟ್ಟುಕೊಂಡು, ೪೦ ಅಶ್ವಶಕ್ತಿಯಿಂದ ಇಬ್ಬರನ್ನು ಎತ್ತಬೇಕು. ಅದಕ್ಕೆ ತಕ್ಕ ಅಗಲವಾದ, ನಿಧಾನವಾಗಿಯೇ ತೇಲುವ ರೆಕ್ಕೆಯನ್ನು ಆತ ತನ್ನ ಅನುಭವದಿಂದಲೇ ರೂಪಿಸಿದ. ತುದಿಯಿಂದ ತುದಿಗೆ ಸುಮಾರು ೨೯ ಅಡಿ. ಕೊಡೆಯಂತೆ ತಲೆಯ ಮೇಲೆ ಹಿಡಿದ ಒಂದೇ ರೆಕ್ಕೆ. ಮೈಯೆಲ್ಲ ಮರ ಮತ್ತು ಬಟ್ಟೆ.

ಎಂಜಿನ್ನಿಗೆ ಆತ ಮಾಡಿದ ಸಂಸ್ಕಾರವನ್ನು ಓದುವಾಗ ನನಗೆ ತರಗತಿಯಲ್ಲಿ ಹೇಳುವ ಸಂಧಿಪ್ರಕರಣ ನೆನಪಾಗುತ್ತದೆ. ಎರಡು ಅಕ್ಷರಗಳು ಕೂಡುವಾಗ ಎರಡೂ ಇದ್ದ ಹಾಗೆಯೇ ಉಳಿಯುವುದು ಅಪರೂಪ. ಒಂದು ಬಿಟ್ಟುಹೋಗುತ್ತದೆ, ಹೊಸದೊಂದು ಬರುತ್ತದೆ, ಅಥವಾ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ. ಲೋಪ, ಆಗಮ, ಆದೇಶ. ಕಾರಿನ ಕ್ಲಚ್ಚು, ಗೇರುಪೆಟ್ಟಿಗೆ, ಭಾರವಾದ ಫ್ಲೈವೀಲು ಇವು ವಿಮಾನಕ್ಕೆ ಬೇಡ, ಅವು ಲೋಪವಾದವು. ಪ್ರೊಪೆಲರನ್ನು ಕೂಡಿಸುವ ಗುಂಬವು ಕಾರಿನಲ್ಲಿ ಇರಲಿಲ್ಲ, ಅದು ಆಗಮವಾಯಿತು. ಬ್ಯಾಟರಿಯನ್ನು ನಂಬಿದ ಕಿಡಿಯ ಏರ್ಪಾಡಿನ ಜಾಗದಲ್ಲಿ, ತಾನೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಮ್ಯಾಗ್ನೆಟೊ ಬಂದಿತು, ಅದು ಆದೇಶ. ಇಷ್ಟಲ್ಲದೆ ಎಂಜಿನ್ನನ್ನೇ ಹಿಂದುಮುಂದಾಗಿ ತಿರುಗಿಸಿ ಕೂರಿಸಿದ. ಕಾರಿನಲ್ಲಿ ಫ್ಲೈವೀಲು ಇದ್ದ ಹಿಂದಿನ ಕೊನೆ ಗಟ್ಟಿಯಾದದ್ದು. ವಿಮಾನದಲ್ಲಿ ಅದೇ ಮುಂದಾಗಿ ಪ್ರೊಪೆಲರನ್ನು ಹೊತ್ತಿತು. ರೇಡಿಯೇಟರು ಮಾತ್ರ ಎಂಜಿನ್ನಿನ ಮೇಲೆ, ಕೂತವರ ಕಣ್ಣಿಗೆ ಅಡ್ಡವಾಗಿ ನಿಂತಿತು. ನೋಡಲು ಅಂದವಿಲ್ಲ, ಆದರೆ ಎಂಜಿನು ತಣ್ಣಗಿರುತ್ತಿತ್ತು.

ಮಾಡೆಲ್ ಎ ಎಂಜಿನು ಈ ಕೆಲಸಕ್ಕೆ ಒಗ್ಗಿದ್ದು ಆಕಸ್ಮಿಕವಲ್ಲ. ಪ್ರೊಪೆಲರಿಗೆ ಒಂದು ಮಿತಿಯುಂಟು. ಅದರ ತುದಿ ಶಬ್ದದ ವೇಗವನ್ನು ಸಮೀಪಿಸಿದರೆ ಗದ್ದಲ ಹೆಚ್ಚಿ ಎಳೆತ ಕುಗ್ಗುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೧೦೦ ಅಡಿ. ಆರು ಅಡಿ ಉದ್ದದ ಪ್ರೊಪೆಲರು ನಿಮಿಷಕ್ಕೆ ೧,೬೦೦ ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ೫೦೦ ಅಡಿ. ಅದೇ ೫,೦೦೦ ಸುತ್ತು ತಿರುಗಿದರೆ ೧,೫೭೦ ಅಡಿ! ಫೋರ್ಡನ ಎಂಜಿನು ದೊಡ್ಡ ಹೊಟ್ಟೆಯದು, ಮೂರು ಲೀಟರಿಗೂ ಮಿಕ್ಕ ಅಳತೆ. ೧,೬೦೦ ಸುತ್ತಿನ ನಿಧಾನ ನಡೆಯಲ್ಲಿಯೇ ಬೇಕಾದ ಬಲವನ್ನು ಕೊಡಬಲ್ಲುದು. ಆದ್ದರಿಂದ ಪ್ರೊಪೆಲರನ್ನು ನಡುವೆ ಗೇರಿಲ್ಲದೆ ನೇರವಾಗಿ ಅದಕ್ಕೆ ಕಟ್ಟಬಹುದಾಯಿತು. ಎತ್ತಿನ ಗಾಡಿಗೆ ಎತ್ತೇ ಸರಿ, ಕುದುರೆಯಲ್ಲ ಎಂಬಂಥ ತಿಳಿವಳಿಕೆ ಅದು.

ಆ ಕಾಲದಲ್ಲಿ ‘ಮಾಡರ್ನ್ ಮೆಕ್ಯಾನಿಕ್ಸ್ ಅಂಡ್ ಇನ್ವೆನ್ಷನ್ಸ್’ ಎಂಬ ಪತ್ರಿಕೆಗೆ ವೆಸ್ಟನ್ ಫಾರ್ಮರ್ ಎಂಬವನು ಸಂಪಾದಕ. ಕಾರಿನ ಎಂಜಿನು ವಿಮಾನಕ್ಕೆ ಒಗ್ಗದೆಂಬುದು ಅವನ ಅಭಿಪ್ರಾಯ. ಅಂಥ ಅನೇಕ ಪ್ರಯತ್ನಗಳು ಸೋತಿದ್ದುದರಿಂದ ಆ ಅಭಿಪ್ರಾಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಪೀಟನ್‌ಪೋಲ್ ವಾದಕ್ಕೆ ಇಳಿಯಲಿಲ್ಲ. ೧೯೩೦ರಲ್ಲಿ ಒಂದಲ್ಲ, ಎರಡು ಏರ್ ಕ್ಯಾಂಪರುಗಳು ಮಿನಿಯಾಪೊಲಿಸ್ ನಗರದ ಹತ್ತಿರ ರಾಬಿನ್ಸ್‌ಡೇಲಿನಲ್ಲಿ, ಸಂಪಾದಕನ ಕಣ್ಣೆದುರಿಗೇ ಬಂದು ಇಳಿದವು. ಫಾರ್ಮರ್ ಪ್ರಾಮಾಣಿಕ, ಕಂಡದ್ದನ್ನು ಒಪ್ಪಿಕೊಂಡ. ವಿಮಾನದ ನಕ್ಷೆಗಳನ್ನು ತನ್ನಲ್ಲಿಯೇ ಅಚ್ಚುಹಾಕಿಸಿದ. ಅದಕ್ಕೆ ಎಷ್ಟು ಬೇಡಿಕೆ ಬಂದಿತೆಂದರೆ, ಮಾಡೆಲ್ ಎ ಎಂಜಿನ್ನನ್ನೂ ಕೊಳ್ಳಲಾರದವರಿಗೆಂದು ಹಳೆಯ ಮಾಡೆಲ್ ಟಿ ಎಂಜಿನ್ನಿನಿಂದ ಹಾರುವ, ಒಬ್ಬರೇ ಕೂರುವ ‘ಸ್ಕೈ ಸ್ಕೌಟ್’ ಎಂಬ ಇನ್ನೊಂದು ವಿಮಾನವನ್ನೂ ಪೀಟನ್‌ಪೋಲ್ ರೂಪಿಸಿದ.

ಆ ವರ್ಷಗಳು ಎಂಥವು! ೧೯೨೯ರ ಕೊನೆಯಲ್ಲಿ ಷೇರುಪೇಟೆ ಕುಸಿದು ಅಮೆರಿಕದಲ್ಲಿ ಕೆಲಸವಿಲ್ಲ, ಹಣವಿಲ್ಲ, ಬೆಳೆಗೆ ಬೆಲೆಯಿಲ್ಲ. ಹೊಟ್ಟೆಗೇ ಕಷ್ಟವಾಗಿದ್ದ ಕಾಲದಲ್ಲಿ ಹಳ್ಳಿಯ ಹುಡುಗರು ಕೊಟ್ಟಿಗೆಯಲ್ಲಿ ಕೂತು ವಿಮಾನ ಕಟ್ಟಿದರೆಂಬುದನ್ನು ಹುಚ್ಚೆನ್ನಬೇಕೋ, ಹಟವೆನ್ನಬೇಕೋ ನಾನು ಅರಿಯೆ. ಆಕಾಶವು ಸೇನೆಗೂ ಸಾಹುಕಾರರಿಗೂ ಮಾತ್ರ ಮೀಸಲಲ್ಲವೆಂಬ ಮಾತನ್ನು ಅವರು ಭಾಷಣದಲ್ಲಿ ಹೇಳಲಿಲ್ಲ. ಹಳೆಯ ಕಾರಿನ ಎಂಜಿನ್ನಿನಿಂದ ಹೇಳಿದರು.

ಮುಂದೆ ೧೯೩೦ರ ದಶಕದಲ್ಲಿ ಕಾಂಟಿನೆಂಟಲ್ ಮೊದಲಾದ ಕಾರ್ಖಾನೆಗಳು ಸಣ್ಣ ವಿಮಾನಗಳಿಗೆಂದೇ ಹಗುರವಾದ ಎಂಜಿನ್ನುಗಳನ್ನು ಮಾಡತೊಡಗಿದವು. ಗಾಳಿಯಿಂದಲೇ ತಣಿಯುವ ಇವುಗಳಿಗೆ ನೀರಿನ ಹೊರೆಯಿಲ್ಲ. ಇವುಗಳನ್ನು ಏರ್ ಕ್ಯಾಂಪರಿಗೆ ಕೂಡಿಸಿದವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಎಂಜಿನು ಹಗುರವಾದುದರಿಂದ ಮೂಗು ಮೇಲೆದ್ದು ಬಾಲ ಕುಸಿಯತೊಡಗಿತು! ಏರುಪೇರಿನ ಹಲಗೆಯ ಮೇಲೆ ಹಗುರವಾದ ಮಗು ತುದಿಗೆ ಸರಿದು ಕೂರುವಂತೆ, ಹಗುರವಾದ ಎಂಜಿನ್ನನ್ನು ಇನ್ನೂ ಮುಂದಕ್ಕೆ ಇಡಬೇಕಾಯಿತು. ವಿಮಾನಕ್ಕೆ ಉದ್ದನೆಯ ಮೂಗು ಬಂದಿತು. ೧೯೬೦ರ ದಶಕದಲ್ಲಿ ಪೀಟನ್‌ಪೋಲನೇ ಷೆವ್ರೊಲೆಯ ಕಾರ್ವೇರ್ ಕಾರಿನ, ಗಾಳಿಯಿಂದ ತಣಿಯುವ ಆರು ಸಿಲಿಂಡರಿನ ಎಂಜಿನ್ನನ್ನು ತನ್ನ ವಿಮಾನಕ್ಕೆ ಹೊಂದಿಸಿದ. ಆಗಲೂ ಅಷ್ಟೆ: ಎಂಜಿನು ಬದಲಾಯಿತೆಂದರೆ ತೂಕದ ಲೆಕ್ಕವೆಲ್ಲ ಮೊದಲಿನಿಂದ. ಒಳ್ಳೆಯದಕ್ಕೆಂದು ಮಾಡಿದ ಬದಲಾವಣೆಯೂ ಲೆಕ್ಕ ಕೇಳದೆ ಬಿಡುವುದಿಲ್ಲ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. ಅದು ನಕ್ಷೆಯ ಕಾಲ ಹೋಗಿ, ಭಾಗಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಮನೆಗೆ ಕಳುಹಿಸುವ ‘ಕಿಟ್’ ಕಾಲ. ಕಾನ್ಸಾಸ್ ಸಂಸ್ಥಾನದ ನ್ಯೂಟನ್ ಊರಿನಿಂದ ಜಿಮ್ ಬೀಡ್ ಎಂಬ ವಿನ್ಯಾಸಕನು ಬಿಡಿ-೫ ಎಂಬ ಪುಟ್ಟ ವಿಮಾನವನ್ನು ಪ್ರಕಟಿಸಿದ. ೧೯೭೧ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಾರಾಟವಾಯಿತು. ೧೯೮೩ರ ‘ಆಕ್ಟೊಪಸಿ’ ಎಂಬ ಜೇಮ್ಸ್ ಬಾಂಡ್ ಚಿತ್ರದ ಆರಂಭದಲ್ಲಿ ಹಾರುವ ಸಣ್ಣ ಜೆಟ್ ವಿಮಾನವನ್ನು ಕಂಡವರು ಅದರ ಒಡಹುಟ್ಟನ್ನು ಕಂಡಂತೆಯೇ. ನೋಡಲು ಬಾಣದಂತೆ, ಒಬ್ಬರು ಮಲಗಿದಂತೆ ಕೂರಬೇಕು, ಎಂಜಿನು ಬೆನ್ನ ಹಿಂದೆ, ಪ್ರೊಪೆಲರು ಬಾಲದ ತುದಿಯಲ್ಲಿ. ೨೦೦ ಡಾಲರ್ ಮುಂಗಡ ಕೊಟ್ಟು ಸರದಿ ಹಿಡಿದವರು ಅಪಾರ. ಐದು ಸಾವಿರಕ್ಕೂ ಹೆಚ್ಚು ಕಿಟ್‌ಗಳು ಮಾರಾಟವಾದವು. ಮೈಯ ಭಾಗಗಳು ಮನೆಗಳಿಗೆ ಬಂದವು. ಎಂಜಿನು ಮಾತ್ರ ಬರಲಿಲ್ಲ. ಒದಗಿಸಬೇಕಾಗಿದ್ದ ಜರ್ಮನಿಯ ಹಿರ್ತ್ ಕಾರ್ಖಾನೆ ೧೯೭೪ರಲ್ಲಿ ಮುಚ್ಚಿಹೋಯಿತು. ಬೇರೆ ಎಂಜಿನ್ನಿನ ಹುಡುಕಾಟದಲ್ಲಿ ವರ್ಷಗಳು ಕಳೆದು, ೧೯೭೯ರಲ್ಲಿ ಬೀಡನ ಕಂಪನಿಯೇ ದಿವಾಳಿಯಾಯಿತು.

ಪೆಟ್ಟಿಗೆ ಬಿಚ್ಚಿ, ರಾತ್ರಿಗಳನ್ನು ಸವೆಸಿ, ಮೈಯನ್ನು ಕಟ್ಟಿ ಮುಗಿಸಿದವರು ಏನು ಮಾಡಬೇಕು? ಕೈಗೆ ಸಿಕ್ಕ ಎಂಜಿನ್ನನ್ನು ಕೂಡಿಸಲು ಹೊರಟರು. ಹೋಂಡ ಕಾರಿನದು, ಸುಬಾರು ಕಾರಿನದು, ಮಾಜ್ದಾ ಕಾರಿನದು. ಪೀಟನ್‌ಪೋಲ್ ಎಂಜಿನ್ನಿನ ಸುತ್ತ ವಿಮಾನ ಕಟ್ಟಿದ್ದ. ಇವರು ಮುಗಿದ ವಿಮಾನದ ಹೊಟ್ಟೆಯೊಳಕ್ಕೆ ಎಂಜಿನು ತುರುಕಬೇಕಾಯಿತು. ನೀರಿನಿಂದ ತಣಿಯುವ ಕಾರಿನ ಎಂಜಿನು ಭಾರ. ಅದು ಬೆನ್ನ ಹಿಂದೆ ಕೂತರೆ ವಿಮಾನದ ತೂಕವು ಹಿಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಜಗ್ಗಿದ ವಿಮಾನವು ನಡೆಸುವವನ ಮಾತು ಕೇಳುವುದಿಲ್ಲ. ಎಂಜಿನ್ನಿನಿಂದ ಪ್ರೊಪೆಲರಿಗೆ ಬೆಲ್ಟು ಮತ್ತು ಉದ್ದನೆಯ ದಂಡದ ಮೂಲಕ ಬಲ ಹೋಗಬೇಕು. ಎಂಜಿನ್ನಿನ ಪ್ರತಿಯೊಂದು ಸಿಡಿತವೂ ಆ ದಂಡವನ್ನು ಒಮ್ಮೆ ತಿರುಚಿ ಬಿಡುತ್ತದೆ. ಈ ತಿರುಚಾಟದ ಲಯವೂ ದಂಡದ ಸ್ವಂತ ಲಯವೂ ಒಂದಾದರೆ ಉಕ್ಕು ಕೂಡ ಮುರಿಯುತ್ತದೆ. ಎಂಜಿನು ಬದಲಾದಾಗ ಈ ಲಯವೂ ಬದಲಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಸಾಲದುದಕ್ಕೆ, ಪ್ರೊಪೆಲರು ಎತ್ತರದಲ್ಲಿದ್ದುದರಿಂದ ಎಂಜಿನು ಫಕ್ಕನೆ ನಿಂತರೆ ವಿಮಾನದ ಮೂಗು ಮೇಲೇಳುತ್ತಿತ್ತು; ವೇಗ ಉಳಿಸಿಕೊಳ್ಳಲು ಮೂಗನ್ನು ತಗ್ಗಿಸಬೇಕಾದ ಗಳಿಗೆಯಲ್ಲಿಯೇ ಅದು ಏಳುತ್ತಿತ್ತು. ವರ್ಷಗಟ್ಟಲೆ ದುಡಿದು ಕಟ್ಟಿದ ವಿಮಾನದ ಮೊದಲ ಹಾರಾಟದಲ್ಲಿಯೇ ಪ್ರಾಣ ಕಳೆದುಕೊಂಡವರಿದ್ದಾರೆ. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆ ನಮ್ಮ ಹೊಲದಲ್ಲಿ ನಗುವಿನ ಮಾತು. ಅಲ್ಲಿ ಅದು ಸಾವಿನ ಮಾತಾಯಿತು.

ಇದರಿಂದ ಆ ಜನ ಮೂರ್ಖರೆಂದು ತೀರ್ಮಾನಿಸುವುದು ತಪ್ಪು. ತಾಳ್ಮೆಯಿಂದ ಲೆಕ್ಕ ಹಾಕಿ, ದಂಡವನ್ನೂ ಬೆಲ್ಟನ್ನೂ ಮತ್ತೆ ಮತ್ತೆ ತಿದ್ದಿ, ಅದೇ ಬಿಡಿ-೫ ವಿಮಾನವನ್ನು ಬೇರೆ ಎಂಜಿನ್ನಿನಿಂದ ಚೆನ್ನಾಗಿ ಹಾರಿಸಿದವರೂ ಇದ್ದಾರೆ. ಯೂರೋಪಿನಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಎಂಜಿನು ಎಷ್ಟೋ ಸಣ್ಣ ವಿಮಾನಗಳನ್ನು ಹಾರಿಸಿದೆ. ಕಾರು ಬಯಲಿನ ರಸ್ತೆಯಲ್ಲಿ ತನ್ನ ಬಲದ ಒಂದು ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನವು ಏರುವಾಗ ಪೂರ್ತಿ ಬಲವನ್ನೂ, ಸಾಗುವಾಗ ಗಂಟೆಗಟ್ಟಲೆ ಮುಕ್ಕಾಲು ಪಾಲನ್ನೂ ಕೇಳುತ್ತದೆ. ಇದನ್ನು ಅರಿತು ಕೂಡಿಸಿದವರು ಉಳಿದರು. ಅಮೆರಿಕದ ಕಾನೂನು ಕೂಡ ಈ ಭೇದವನ್ನು ಬಲ್ಲುದು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಸರ್ಕಾರದ ಮುದ್ರೆಯಿರುವ ಎಂಜಿನ್ನೂ ಅದಕ್ಕೆ ಒಪ್ಪಿದ ಪ್ರೊಪೆಲರೂ ಇದ್ದರೆ ಸಾಮಾನ್ಯವಾಗಿ ೨೫ ಗಂಟೆಗಳ ಪರೀಕ್ಷಾ ಹಾರಾಟ. ಇಲ್ಲದಿದ್ದರೆ ೪೦ ಗಂಟೆ. ಬೇಡವೆನ್ನಲಿಲ್ಲ, ಇನ್ನೂ ಹದಿನೈದು ಗಂಟೆ ಹಾರಿ ತೋರಿಸು ಎಂದಿತು. ಇದು ನನಗೆ ಬಹಳ ನ್ಯಾಯವಾದ ಮಾತಾಗಿ ತೋರುತ್ತದೆ.

ನಮ್ಮ ವ್ಯಾಕರಣದಲ್ಲಿ ಅರಿಸಮಾಸವೆಂದು ಒಂದುಂಟು. ಕನ್ನಡದ ಮಾತಿಗೆ ಸಂಸ್ಕೃತದ ಮಾತನ್ನು ಹೊಂದದ ರೀತಿಯಲ್ಲಿ ಸೇರಿಸಿದರೆ ಅದು ದೋಷ. ಆದರೆ ಹಿಂದಿನ ಬಲ್ಲ ಕವಿಗಳು ಬಳಸಿದ್ದನ್ನು ಕೇಶಿರಾಜನು ತಳ್ಳಿಹಾಕಲಿಲ್ಲ. ಕಾರಿನ ಎಂಜಿನ್ನೂ ವಿಮಾನದ ಮೈಯೂ ಕೂಡುವುದು ಅಂಥದೇ. ಅದು ದೋಷವಾಗುವುದೂ ಪ್ರಯೋಗವಾಗುವುದೂ ಕೂಡಿಸುವವನ ತಿಳಿವಳಿಕೆಯ ಮೇಲೆ ನಿಂತಿದೆ. ನಾವು ಈಚೆಗೆ ಎಲ್ಲ ಬಗೆಯ ತೇಪೆಯ ಕೆಲಸವನ್ನೂ ಜಾಣತನವೆಂದು ಹೊಗಳುತ್ತೇವೆ. ಇದ್ದುದರಲ್ಲಿ ಮಾಡುವುದು ಬೇರೆ, ಹೇಗೋ ಮಾಡುವುದು ಬೇರೆ. ಮೊದಲನೆಯದಕ್ಕೆ ಹಣವಂತನಿಗಿಂತ ಹೆಚ್ಚು ಲೆಕ್ಕ ಬೇಕು, ಹೆಚ್ಚು ತಾಳ್ಮೆ ಬೇಕು. ಬಡತನವು ತಪ್ಪಿಗೆ ರಿಯಾಯಿತಿ ಕೊಡುವುದಿಲ್ಲ.

ಪೀಟನ್‌ಪೋಲ್ ೧೯೮೪ರಲ್ಲಿ ತೀರಿಕೊಂಡ. ಮನೆಯಲ್ಲಿ ವಿಮಾನ ಕಟ್ಟುವವರೆಲ್ಲ ೧೯೫೩ರಲ್ಲಿ ಸೇರಿ ಕಟ್ಟಿಕೊಂಡ ಅಮೆರಿಕದ ಸಂಘವೊಂದಿದೆ. ವಿಸ್ಕಾನ್ಸಿನ್ ಸಂಸ್ಥಾನದ ಓಷ್‌ಕೋಷ್ ಊರಿನಲ್ಲಿ ವರ್ಷವರ್ಷವೂ ಅದರ ಜಾತ್ರೆ ನೆರೆಯುತ್ತದೆ. ಚೆರಿ ಗ್ರೋವಿನಲ್ಲಿದ್ದ ಪೀಟನ್‌ಪೋಲನ ವಿಮಾನದ ಕೊಟ್ಟಿಗೆಯನ್ನು ಆ ಸಂಘದವರು ಅಲ್ಲಿಗೆ ಸಾಗಿಸಿ ನಿಲ್ಲಿಸಿದ್ದಾರೆ. ಅವನ ನಕ್ಷೆಯನ್ನು ಹಿಡಿದು ಏರ್ ಕ್ಯಾಂಪರನ್ನು ಕಟ್ಟುವವರು ಈಗಲೂ ಇದ್ದಾರೆ. ಕೊಳ್ಳಲು ಹಣವಿದ್ದೂ ಕೆಲವರು ಅದಕ್ಕೆ ಹಳೆಯ ಮಾಡೆಲ್ ಎ ಎಂಜಿನ್ನನ್ನೇ ಹುಡುಕಿ ತಂದು ಕೂಡಿಸುತ್ತಾರೆ. ರೇಡಿಯೇಟರು ಕಣ್ಣಿಗೆ ಅಡ್ಡವಾಗುತ್ತದೆಂದು ಗೊತ್ತು. ಪಕ್ಕಕ್ಕೆ ಬಾಗಿ ನೋಡಿಕೊಂಡು ಇಳಿಸುತ್ತಾರೆ.